ಎರಡು ಬರೆಯ ಗುಂಡು

ಮೇ ೧೪

ಗೊಣಗುವುದಿದ್ದರೆ ಪುಸ್ತಕದ ಹತ್ತಿರ ಗೊಣಗು, ನನ್ನ ಕಿವಿಗೂ ವಯಸ್ಸಾಯಿತು ಎಂದು ಸೈಮಿ ಈ ಪುಸ್ತಕ ತಂದುಕೊಟ್ಟಿದ್ದಾಳೆ. ಮದುವೆಯಾದಂದಿನಿಂದ ಅವಳು ಕೊಟ್ಟ ಉಡುಗೊರೆಗಳಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಲಕ್ಷಣ ಇರುವುದು ಇದೊಂದಕ್ಕೇ. ಸ್ವೆಟರ್‌ಗಳೆಲ್ಲ ಕತ್ತಿನಲ್ಲಿ ಬಿಗಿ.

ಮೊದಲನೆಯ ಗೊಣಗಾಟ ಹದ್ದುಗಳ ಬಗ್ಗೆ. ಸರೋವರದ ದಡದ ಮೇಲೆ ನಮ್ಮ ದೊಡ್ಡ ಪೈನ್ ಮರವಿದೆ. ಅದರ ತುದಿಯಲ್ಲಿ ಬಿಳಿತಲೆ ಹದ್ದಿನ ಜೋಡಿಯೊಂದು ಹಾಸಿಗೆಯಷ್ಟು ಅಗಲದ ಗೂಡು ಕಟ್ಟಿಕೊಂಡು ಏಳು ವರ್ಷವಾಯಿತು. ಬಾಡಿಗೆ ಇಲ್ಲ, ಕೃತಜ್ಞತೆಯೂ ಇಲ್ಲ. ಹೊಗೆ ಹಾಕಲೆಂದು ಉಪ್ಪು ಸವರಿ ಮೇಜಿನ ಮೇಲಿಟ್ಟ ಮೀನನ್ನು ಹೋದ ವರ್ಷ ನನ್ನ ಕಣ್ಣೆದುರೇ ಎತ್ತಿಕೊಂಡು ಹೋದವು. ಈ ಸಲ ಒಂದೇ ಮರಿ. ಇವತ್ತು ಆ ಮರಿಗಾಗಿ ಇಬ್ಬರು ನಮ್ಮ ಅಂಗಳಕ್ಕೆ ಬಂದಿದ್ದರು. ನೋರಾ ಎಂಬ ಹೆಂಗಸು ಹದ್ದುಗಳನ್ನು ಓದಿದವಳು. ಜೊತೆಗೆ ಬಂದಿದ್ದ ವೆಸ್ ಕಡೊಟ್ ಮರ ಹತ್ತುವವನು, ಸರೋವರದ ಆಚೆ ದಡದ ಹುಡುಗ.

"ಮರ ನಿಮ್ದಲ್ವಾ, ಹಾಪಲ ಅವರೇ?" ಎಂದಳು ನೋರಾ.

"ಮರ ನಂದು. ಹದ್ದು ನಂದಲ್ಲ."

"ಮರಿಯನ್ನ ಕೆಳಗಿಳಿಸಿ ಕಾಲಿಗೆ ಕಡಗ ಹಾಕ್ತೀವಿ. ಒಂಚೂರು ರಕ್ತ ತಗೊಂಡು ವಾಪಸ್ ಗೂಡಲ್ಲಿಡ್ತೀವಿ, ಅಷ್ಟೇ."

"ಕಳ್ಳರಿಗೆ ಕೈಗೆ ಬೇಡಿ ಹಾಕೋದು ವಾಡಿಕೆ" ಎಂದೆ.

ನೋರಾ ಗಾಬರಿಯಾಗಿ ವೆಸ್‌ನ ಮುಖ ನೋಡಿದಳು. ವೆಸ್ ಈ ಕಡೆಯವನಾದ್ದರಿಂದ ನೆಲ ನೋಡುತ್ತ ನಕ್ಕ. ನಮ್ಮಲ್ಲಿ ತಮಾಷೆ ಮಾಡುವವನು ತಾನು ನಗುವುದಿಲ್ಲ. ನಕ್ಕರೆ ಚಪ್ಪಾಳೆ ಬೇಡಿದ ಹಾಗಾಗುತ್ತದೆ. ನಾನು ಇನ್ನೂ ನಾಲ್ಕು ಮಾತು ಆಡುವವನಿದ್ದೆ. ಅಷ್ಟರಲ್ಲಿ ಸೈಮಿ ಅಡುಗೆಮನೆಯ ಕಿಟಕಿಯಿಂದಲೇ, "ಹತ್ತಿ, ಹತ್ತಿ. ಇವರು ಮಾತಾಡಿ ಮುಗಿಸೋಷ್ಟರಲ್ಲಿ ಮರಿಗೆ ಮೊಮ್ಮಕ್ಕಳಾಗಿರ್ತವೆ" ಎಂದು ಒಪ್ಪಿಗೆ ಕೊಟ್ಟುಬಿಟ್ಟಳು.

ಮೇ ೩೦

ಚಳಿ ಇನ್ನೂ ಬಿಟ್ಟಿಲ್ಲ. ಮರಿಗೆ ದೊರೆ ಎಂದು ಹೆಸರಿಟ್ಟಿದ್ದೇನೆ. ಕೂತಲ್ಲೇ ಕೂತು ಬಾಯಿ ತೆರೆದರೆ ಊಟ, ಹಿಂದಕ್ಕೆ ತಿರುಗಿ ಬಾಲ ಎತ್ತಿದರೆ ಕೆಲಸ ಮುಗಿಯಿತು. ಕುರ್ಚಿಯನ್ನು ಕಿಟಕಿಯ ಹತ್ತಿರ ಯಾಕೆ ಎಳೆದುಕೊಂಡಿರಿ ಎಂದು ಸೈಮಿ ಕೇಳಿದಳು. ಬೆಳಕಿಗೆ ಎಂದೆ. ದುರ್ಬೀನು ಯಾಕೆ ಎಂದಳು. ಕುರ್ಚಿಯನ್ನು ಇನ್ನೊಂದು ಗೇಣು ಮುಂದಕ್ಕೆ ಎಳೆದುಕೊಂಡೆ.

ಜೂನ್ ೬

ಇವತ್ತು ಕಡಗದ ಶಾಸ್ತ್ರ. ಊರಿನ ಅರ್ಧ ಜನ ಮಡಚುವ ಕುರ್ಚಿ ಹಿಡಿದುಕೊಂಡು ಬಂದಿದ್ದರು. ಸೈಮಿ ಮೂರು ದೊಡ್ಡ ಏಲಕ್ಕಿ ಬ್ರೆಡ್ ಮಾಡಿದ್ದಳು, ಹದ್ದಿಗೇ ಬೀಗರೂಟ ಇಟ್ಟ ಹಾಗೆ. ಪಕ್ಕದ ಮನೆಯ ಟ್ರೆಗಿಯರ್ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂತಿದ್ದ. ಅವನು ನನ್ನ ಮೂವತ್ತು ವರ್ಷದ ಗೆಳೆಯ. ಆ ಮೂವತ್ತು ವರ್ಷದಲ್ಲಿ ಒಂದು ದಿನವೂ ನನಗೆ ಗೌರವ ಕೊಟ್ಟವನಲ್ಲ.

ವೆಸ್ ಹಗ್ಗ ಕಟ್ಟಿಕೊಂಡು ಮರ ಹತ್ತಿದ. ತಾಯಿ ತಂದೆ ಎರಡೂ ಮೇಲೆ ಸುತ್ತು ಹಾಕುತ್ತ ಕೂಗಿದವು. ಅಷ್ಟು ದೊಡ್ಡ ಹಕ್ಕಿಗೆ ಎಣ್ಣೆ ಕಾಣದ ಬಾಗಿಲಿನಂಥ ದನಿ. ಮರಿಯನ್ನು ಚೀಲದಲ್ಲಿ ಹಾಕಿ ನಿಧಾನವಾಗಿ ಇಳಿಸಿದ. ನೋರಾಳ ಸಹಾಯಕಿ ಜ್ವರ ಬಂದು ಮನೆಯಲ್ಲೇ ಉಳಿದಿದ್ದಳಂತೆ.

"ನಿಮ್ಮ ಕೈ ಗಟ್ಟಿ ಇರೋ ಹಾಗಿದೆ. ಸ್ವಲ್ಪ ಹಿಡ್ಕೋತೀರಾ?" ಎಂದು ನೋರಾ ನನ್ನನ್ನು ಕೇಳಿದಳು.

ಎಲ್ಲರೂ ನೋಡುತ್ತಿದ್ದರು. ಇಲ್ಲ ಎನ್ನಲಾಗಲಿಲ್ಲ, ಹಿಡಿದುಕೊಂಡೆ. ತಲೆಗೆ ಕಣ್ಣು ಮುಚ್ಚುವ ಚರ್ಮದ ಟೋಪಿ ಹಾಕಿದ ಕೂಡಲೇ ಮರಿ ಸುಮ್ಮನಾಯಿತು. ನನ್ನ ಅಂಗೈ ಅದರ ಎದೆಯ ಮೇಲಿತ್ತು. ಒಳಗೆ ಗುಂಡಿಗೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಎಂದರೆ ನನ್ನದೇ ಹೊಡೆದುಕೊಳ್ಳುತ್ತಿದೆ ಎಂದು ಒಂದು ಕ್ಷಣ ಹೆದರಿದೆ. ಇದನ್ನು ಯಾರಿಗೂ ಹೇಳಿಲ್ಲ.

ನೋರಾ ಕೊಕ್ಕನ್ನೂ ಹಿಂದಿನ ಉಗುರನ್ನೂ ಅಳೆದು, "ಹೆಣ್ಣು" ಎಂದಳು.

"ಓನ್ನೀ, ನಿನ್ನ ದೊರೆ ದೊರೆಸಾನಿ ಆಗ್ಬಿಟ್ಲಲ್ಲೋ!" ಎಂದು ಟ್ರೆಗಿಯರ್ ಕೂಗಿದ.

ಒಂದು ಕಾಲಿಗೆ ಬೆಳ್ಳಿ ಬಣ್ಣದ ಕಡಗ, ಇನ್ನೊಂದಕ್ಕೆ ದೂರದಿಂದ ಓದಬಹುದಾದ ಅಕ್ಷರದ ಕಡಗ. ರೆಕ್ಕೆಯ ಒಳಗಿನಿಂದ ರಕ್ತ ತೆಗೆದಳು. ಸೀಸ, ಪಾದರಸ ಇತ್ಯಾದಿ ಇದೆಯೇ ಎಂದು ನೋಡಲಿಕ್ಕಂತೆ. ಇದೆಲ್ಲ ಮುಗಿಯಿತು ಎನ್ನುವಾಗ ದೊರೆಸಾನಿ ನನ್ನ ಅಂಗಿಯ ಮೇಲೆ ತನ್ನ ಅಭಿಪ್ರಾಯ ತಿಳಿಸಿದಳು. ಜನ ಎದ್ದುನಿಂತು ಚಪ್ಪಾಳೆ ಹೊಡೆದರು.

ವೆಸ್ ಗೂಡಿನ ಕಸವನ್ನೂ ಒಂದಷ್ಟು ಕೆಳಗೆ ತಂದಿದ್ದ. ಮೀನಿನ ಮುಳ್ಳು, ಬಾತುಕೋಳಿಯ ರೆಕ್ಕೆ, ಯಾವುದೋ ಮಗುವಿನ ಒಂದು ಕಾಲುಚೀಲ. ಇವುಗಳ ನಡುವೆ ಒಂದು ಗಾಳಗುಂಡು! ನಾನು ದೂರದಿಂದಲೇ ಗುರುತು ಹಿಡಿದೆ. ಗಾಳದ ಕತ್ತಿಗೆ ಸೀಸ ಎರಕ ಹೊಯ್ದು ಈ ಗುಂಡು ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಎರೆ ಜಾರದ ಹಾಗೆ ಕತ್ತಿನಲ್ಲಿ ಎರಡು ಬರೆ ಇರುವ ಅಚ್ಚು ಇಡೀ ಹೌಕಿ ಸರೋವರದಲ್ಲಿ ನನ್ನ ಹತ್ತಿರ ಮಾತ್ರ ಇರುವುದು. ಕಾಗದದ ಕಾರ್ಖಾನೆಯಲ್ಲಿ ಇಡೀ ಜೀವಮಾನ ದುಡಿದೆ, ಅಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಗುಂಡಿನಿಂದಲೇ ಊರಿಗೆ ನಾನು ಓನ್ನಿ ಹಾಪಲ.

"ನಂದು!" ಎಂದೆ. "ನೋಡ್ರಪ್ಪಾ, ಹದ್ದಿಗೂ ಗೊತ್ತು ಯಾರ ಗುಂಡು ಒಳ್ಳೇದು ಅಂತ."

"ಸೀಸಾನಾ?" ಎಂದಳು ನೋರಾ.

"ಅಪ್ಪಟ ಸೀಸ. ಕಲಬೆರಕೆ ಅನ್ನೋದೇ ಇಲ್ಲ."

ಅವಳು ಅದನ್ನು ಸಣ್ಣ ಚೀಲದಲ್ಲಿ ಹಾಕಿಕೊಂಡು, "ಇದು ಹೊಟ್ಟೆಗೆ ಹೋದ್ರೆ ಹದ್ದು ಉಳಿಯೋದು ಕಷ್ಟ. ಈಗ ತವರದ್ದು ಸಿಗತ್ತೆ, ಹಾಪಲ ಅವರೇ" ಎಂದಳು. ಮೆತ್ತಗೇ ಹೇಳಿದಳು.

"ನಲವತ್ತು ವರ್ಷದಿಂದ ಸೀಸ ಕರಗಿಸ್ತಿದೀನಿ ತಾಯಿ. ನಂಗೇನಾಗಿದೆ?"

"ಕೇಳಿಸ್ಕೊಳ್ಳಿ" ಎಂದಳು ಸೈಮಿ ಕಾಫಿ ಸುರಿಯುತ್ತ. "ನಿನ್ನೆ ಇವರ ಕನ್ನಡಕ ಫ್ರಿಜ್ಜಲ್ಲಿ ಸಿಕ್ತು."

ಜೂನ್ ೧೨

ಊರಿನವರ ಶುಕ್ರವಾರದ ಮೀನೂಟಕ್ಕೆ ಹೋಗಿದ್ದೆ. ಗೂಡಿನಲ್ಲಿ ಗುಂಡು ಸಿಕ್ಕ ಕಥೆ ಹೇಳಿದೆ. ಎರಡನೆಯ ಸಲ ಹೇಳುವಾಗ ಗೂಡಿನಲ್ಲಿ ಸಿಕ್ಕಿದ್ದು ಮೂರು ಗುಂಡು ಆಗಿತ್ತು. ಯಾರೂ ಆಕ್ಷೇಪಿಸಲಿಲ್ಲ. ಮಾರಲು ಒಯ್ದಿದ್ದ ಗುಂಡೆಲ್ಲ ಅಲ್ಲೇ ಖರ್ಚಾಯಿತು.

ಜೂನ್ ೨೫

ನೋರಾ ಫೋನ್ ಮಾಡಿದ್ದಳು. ದೊರೆಸಾನಿಯ ರಕ್ತ ಶುದ್ಧವಂತೆ. ಸೀಸದ ಸುಳಿವೇ ಇಲ್ಲ, ಈ ವರ್ಷ ಅವಳು ನೋಡಿದ ಮರಿಗಳಲ್ಲೆಲ್ಲ ಇವಳೇ ಹೆಚ್ಚು ಆರೋಗ್ಯವಂತೆಯಂತೆ. ನನ್ನ ಮರ, ನನ್ನ ದಡ, ಮತ್ತೆ ಹೇಗಿರುತ್ತದೆ? ಸೀಸದ ಬಗ್ಗೆ ಅವಳಿಗೆ ಒಂದು ಮಾತು ಹೇಳಬೇಕು ಎನಿಸಿತು, ಆದರೆ ಗೆದ್ದವನು ಜಂಬ ಪಡಬಾರದು. ಸೈಮಿಗೆ ಮಾತ್ರ ಹೇಳಿದೆ. ಟ್ರೆಗಿಯರ್‌ಗೆ ಕೂಡ. ಅಂಚೆಯವಳಿಗೆ.

ಜುಲೈ ೩

ಮೀನು ಹಸನು ಮಾಡಿದ ಮೇಲೆ ಉಳಿದ ತಲೆ, ಕರುಳುಗಳನ್ನು ಈಗ ದಡದ ಚಪ್ಪಟೆ ಬಂಡೆಯ ಮೇಲೆ ಹಾಕುತ್ತಿದ್ದೇನೆ. ಹದ್ದಿಗೆ ಅಂತಲ್ಲ. ಕಸದ ಡಬ್ಬಿಯ ತನಕ ನಡೆಯಲು ಮಂಡಿ ನೋವು.

"ಡಬ್ಬಿ ಹತ್ತಿರ ಇದೆ, ಬಂಡೆ ದೂರ" ಎಂದಳು ಸೈಮಿ.

"ಬಂಡೆಗೆ ಇಳಿಜಾರು."

"ವಾಪಸ್ ಬರುವಾಗ?"

ಈ ಹೆಂಗಸಿನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ತಾಯಿ ಹದ್ದು ಬಂದು ದೊಡ್ಡ ತಲೆಯನ್ನೇ ಆರಿಸಿ ಗೂಡಿಗೆ ಒಯ್ದಿತು. ದೊರೆಸಾನಿ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಡಿಯುವುದನ್ನು ಕಲಿಯುತ್ತಿದ್ದಾಳೆ. ಗಾಳಿ ಜೋರಾಗಿ ಬಂದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಜುಲೈ ೧೦

ಒಳ್ಳೆಯ ದಿನ. ದೋಣಿ ಇಳಿಸಿದ ಕೂಡಲೇ ಮೂರು ಮೀನು. ಮೂರನೆಯದು ಈ ಸರೋವರಕ್ಕೆ ಹೆಸರು ಕೊಟ್ಟ ಹೌಕಿ ಮೀನು, ನನ್ನ ತೋಳಿನಷ್ಟು ಉದ್ದ. ಆದರೆ ತೆಳ್ಳಗೆ, ಮೈಯೆಲ್ಲ ಮುಳ್ಳು. ಗುಂಡನ್ನು ಹೊಟ್ಟೆಯ ತನಕ ನುಂಗಿಬಿಟ್ಟಿತ್ತು. ಬಗೆದು ತೆಗೆಯುವ ರಗಳೆ ಯಾರಿಗೆ ಬೇಕು, ಗುಂಡಿಗೇನು ಬರವೇ? ದಾರ ಕತ್ತರಿಸಿ ಇಡೀ ಮೀನನ್ನೇ ದೊರೆಸಾನಿಗೆ ಅಂತ ಬಂಡೆಯ ಮೇಲಿಟ್ಟೆ. ಐದು ನಿಮಿಷವೂ ಆಗಿರಲಿಲ್ಲ, ತಾಯಿ ಎತ್ತಿಕೊಂಡು ಹೋಯಿತು. ದೊರೆಸಾನಿ ತಾನೇ ಕಾಲಲ್ಲಿ ಅದುಮಿ ಹರಿದು ತಿನ್ನುವುದನ್ನು ಇವತ್ತೇ ಮೊದಲು ನೋಡಿದ್ದು. ಸೈಮಿಯನ್ನು ಕರೆದು ತೋರಿಸಿದೆ. ಸಾಯಂಕಾಲದ ತನಕ ಏನೋ ಖುಷಿ, ಕಾರಣ ಗೊತ್ತಿಲ್ಲ.

ಜುಲೈ ೨೩

ಎರಡು ದಿನದಿಂದ ದೊರೆಸಾನಿ ರೆಕ್ಕೆ ಬಡಿದಿರಲಿಲ್ಲ. ಇವತ್ತು ಬೆಳಿಗ್ಗೆ ಮರದ ಬುಡದಲ್ಲಿ ಕೂತಿದ್ದಳು. ಹಾರಲು ಹೋಗಿ ಬಿದ್ದಳೋ, ಸುಮ್ಮನೆ ಬಿದ್ದಳೋ ತಿಳಿಯಲಿಲ್ಲ. ತಲೆ ಎದೆಯ ಮೇಲೆ ಜೋತುಬಿದ್ದಿತ್ತು, ರೆಕ್ಕೆಗಳು ನೆಲಕ್ಕೆ ಹರಡಿದ್ದವು. ಹಿಕ್ಕೆ ಹಸಿರು ಬಣ್ಣ ಬಳಿದ ಹಾಗೆ. ನಾನು ಹತ್ತಿರ ಹೋದರೂ ಅವಳು ಅಂಜಲಿಲ್ಲ. ಅದನ್ನು ನೋಡಿಯೇ ನನಗೆ ಭಯವಾಯಿತು.

ನೋರಾಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ, ಸೈಮಿ ಫೋನ್ ಕಿತ್ತುಕೊಂಡು ಸರಿಯಾಗಿ ಹೇಳಿದಳು. ಅವರು ಬರುವ ತನಕ ನನ್ನ ಕೋಟನ್ನು ದೊರೆಸಾನಿಯ ಮೇಲೆ ಹೊದಿಸಿ ಪಕ್ಕದಲ್ಲಿ ಕೂತಿದ್ದೆ.

ಜುಲೈ ೨೪

ಹಕ್ಕಿಗಳ ಆಸ್ಪತ್ರೆಗೆ ಎರಡು ಗಂಟೆಯ ದಾರಿ. ಯಾರೂ ಕರೆದಿರಲಿಲ್ಲ, ಆದರೂ ಹೋದೆ. ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಗುಂಡುಗಳನ್ನು, ಪಟ್ಟಣದಿಂದ ಬಂದು ಸರೋವರದ ತುಂಬ ದಾರ ಕಡಿದು ಹೋಗುವವರನ್ನು, ಸೈಮಿಯ ಡ್ರೈವಿಂಗನ್ನು.

ರಕ್ತದಲ್ಲಿ ಸೀಸ ತುಂಬಿದೆ ಎಂದರು. ಎಕ್ಸ್-ರೇ ಹಾಳೆಯನ್ನು ದೀಪದ ಮುಂದೆ ಹಿಡಿದು ತೋರಿಸಿದರು. ಮೂಳೆಗಳ ನಡುವೆ, ಹೊಟ್ಟೆಯಲ್ಲಿ, ಬೆಳ್ಳಗೆ ಒಂದು ಗುಂಡು. ಕತ್ತಿನಲ್ಲಿ ಎರಡು ಬರೆ.

ನೋರಾ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಅವಳು ಎಷ್ಟು ಕಷ್ಟಪಡುತ್ತಿದ್ದಳೆಂದು ನನಗೆ ಕಾಣುತ್ತಿತ್ತು. ಯಾರಾದರೂ ಕೇಳಿದ್ದರೆ ಹೇಳಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ.

ಜುಲೈ ೨೫

ಜುಲೈ ೧೦ರ ದಿನ ಬರೆದದ್ದನ್ನು ಮತ್ತೆ ಓದಿದೆ. ನಾನೇ ತಿನ್ನಿಸಿದ್ದು. ಸೌದೆಮನೆಗೆ ಹೋಗಿ ಅತ್ತೆ.

ಜುಲೈ ೩೦

ಗುಂಡನ್ನು ಹೊರಗೆ ತೆಗೆದಿದ್ದಾರಂತೆ. ದಿನಕ್ಕೆ ಎರಡು ಇಂಜೆಕ್ಷನ್. ದೊರೆಸಾನಿ ಇನ್ನೂ ಎದ್ದು ನಿಲ್ಲುತ್ತಿಲ್ಲ.

ಆಗಸ್ಟ್ ೮

ದೊರೆಸಾನಿ ಎದ್ದು ನಿಂತಳಂತೆ. ವೆಸ್‌ನ ಬೆರಳು ಕಚ್ಚಿದಳಂತೆ. ಸೈಮಿ ಏಲಕ್ಕಿ ಬ್ರೆಡ್ ಮಾಡಿದಳು, ನಾನು ಅರ್ಧ ಬ್ರೆಡ್ ತಿಂದೆ.

ಇದರ ಜೊತೆಗೆ ಒಂದು ಅನಿಷ್ಟವೂ ಆಗಿದೆ. ಊರಿನ ಪತ್ರಿಕೆಯಲ್ಲಿ ನನ್ನ ಫೋಟೊ ಬಂದಿದೆ. ಮೇಲೆ ದಪ್ಪ ಅಕ್ಷರದಲ್ಲಿ "ಹದ್ದಿನ ಜೀವ ಉಳಿಸಿದ ಹಿರಿಯ." ಕೋಟು ಹೊದಿಸಿದ್ದನ್ನೂ ಬರೆದಿದ್ದಾರೆ. ಬೆಳಗಿನಿಂದ ಬಾಗಿಲು ಮುಚ್ಚಲು ಪುರುಸೊತ್ತಿಲ್ಲ. ಎಲ್ಲರಿಗೂ ಗುಂಡು ಬೇಕಂತೆ, "ಹದ್ದಿನಜ್ಜನ ಗುಂಡು." ಪಕ್ಕದ ಊರಿನಿಂದಲೂ ಬಂದಿದ್ದರು. ಅಚ್ಚು ಒಡೆದುಹೋಗಿದೆ ಎಂದು ಎಲ್ಲರನ್ನೂ ವಾಪಸು ಕಳಿಸಿದೆ.

ಜನ ಹೋದ ಮೇಲೆ ಗ್ಯಾರೇಜಿಗೆ ಹೋಗಿ ಅಚ್ಚನ್ನು ಸುತ್ತಿಗೆಯಿಂದ ಒಡೆದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಹೇಗೂ ಹಳೆಯದಾಗಿತ್ತು.

ಆಗಸ್ಟ್ ೨೯

ಇವತ್ತು ದೊರೆಸಾನಿಯನ್ನು ಬಿಟ್ಟರು, ನಮ್ಮ ದಡದಿಂದಲೇ. ಜೂನ್ ತಿಂಗಳಿಗಿಂತ ಹೆಚ್ಚು ಜನ. ಪೆಟ್ಟಿಗೆಯ ಬಾಗಿಲು ನಾನೇ ತೆರೆಯಬೇಕೆಂದು ಊರಿನವರ ಹಠ. ತೆರೆದೆ. ಅವಳು ಒಮ್ಮೆ ಸುತ್ತ ನೋಡಿದಳು. ನನ್ನನ್ನು ನೋಡಲಿಲ್ಲ, ಅದೇ ಸರಿ. ನೀರಿನ ಮೇಲೆ ತಗ್ಗಿನಲ್ಲೇ ಹೋದಳು. ಮುಳುಗುತ್ತಾಳೇನೋ ಎನ್ನುವಾಗ ಮೇಲೆದ್ದು ಸರೋವರ ದಾಟಿದಳು.

ಆಮೇಲೆ ಎರಡು ಮಾತಾಡಿ, ಎರಡು ಮಾತಾಡಿ ಎಂದು ಎಲ್ಲರೂ ಗಂಟುಬಿದ್ದರು. ನಾನು ಎದ್ದು ನಿಂತೆ.

"ಅವಳ ಹೊಟ್ಟೇಲಿದ್ದ ಗುಂಡು ನಂದು" ಎಂದೆ. "ನಾನೇ ಎರಕ ಹೊಯ್ದಿದ್ದು, ನಾನೇ ಮೀನಿನ ಜೊತೆ ತಿನ್ನಿಸಿದ್ದು. ಆಮೇಲೆ ಕೋಟು ಹೊದಿಸ್ದೆ."

ಟ್ರೆಗಿಯರ್ ತೊಡೆ ತಟ್ಟಿಕೊಂಡು ನಕ್ಕ. ಅವನ ಹಿಂದೆ ಇಡೀ ದಡ ನಕ್ಕಿತು. "ಮುಖ ನೋಡ್ರೋ ಇವ್ನದು! ಒಂದು ಗೆರೆ ಅಲ್ಲಾಡ್ಲಿಲ್ಲ!" ಎಂದು ಕೂಗಿದರು. ನಿಜ ಕಣ್ರೋ ಎಂದೆ. ಇನ್ನೂ ಜೋರಾಗಿ ನಕ್ಕರು. ಇನ್ನೊಮ್ಮೆ ಹೇಳಿದರೆ ಯಾರಿಗಾದರೂ ಉಸಿರು ಕಟ್ಟುವ ಹಾಗಿತ್ತು, ಕೂತುಬಿಟ್ಟೆ. ಅರವತ್ತೆಂಟು ವರ್ಷ ನಗದೆ ತಮಾಷೆ ಮಾಡಿದ್ದಕ್ಕೆ ಇದು ಫಲ. ನಗದೆ ಇದ್ದವರು ಇಬ್ಬರೇ, ಸೈಮಿ ಮತ್ತು ನೋರಾ. ಸೈಮಿ ಬಂದು ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಹೋದಳು.

ಸೆಪ್ಟೆಂಬರ್ ೫

ಈ ವಾರವಿಡೀ ಮನೆ ಮನೆ ತಿರುಗಿದೆ. ನೋರಾ ಒಂದು ದೊಡ್ಡ ಪೊಟ್ಟಣ ತವರದ ಗುಂಡು ಕೊಟ್ಟಿದ್ದಾಳೆ. ಅದನ್ನು ತೆಗೆದುಕೊಂಡು ನನ್ನದನ್ನು ವಾಪಸು ಕೊಡಿ ಎಂದರೆ ಒಬ್ಬರೂ ಕೊಡುವುದಿಲ್ಲ! ಅಚ್ಚು ಒಡೆದ ಮೇಲೆ ಅವು ಸಿಗುವುದಿಲ್ಲವಲ್ಲ, ಅದಕ್ಕೇ ಬೆಲೆ ಬಂದಿದೆ. ಅಂಚೆಯವಳು ತನ್ನದನ್ನು ಗಾಜಿನ ಡಬ್ಬಿಯಲ್ಲಿಟ್ಟಿದ್ದಾಳೆ. ಅದು ಪರವಾಗಿಲ್ಲ, ಗಾಜಿನೊಳಗೆ ಹದ್ದು ಹೋಗುವುದಿಲ್ಲ. ಉಳಿದವರೆಲ್ಲ ಅದರಲ್ಲೇ ಮೀನು ಹಿಡಿಯುತ್ತಿದ್ದಾರೆ. ಅದೃಷ್ಟದ ಗುಂಡಂತೆ.

"ನಲವತ್ತು ವರ್ಷ ಇದಕ್ಕಿಂತ ಬೇರೆ ಇಲ್ಲ ಅಂದವನು ನೀನೇ" ಎಂದ ಟ್ರೆಗಿಯರ್. "ನಾನು ಇವತ್ತು ನಂಬ್ತಿದೀನಿ, ನೀನು ಬಿಟ್ಬಿಟ್ಯಾ?"

ಸೆಪ್ಟೆಂಬರ್ ೧೨

ಬೆಳಿಗ್ಗೆ ದೊರೆಸಾನಿಯನ್ನು ನೋಡಿದೆ. ಈಗ ತಾನೇ ಮೀನು ಹಿಡಿಯಲು ಕಲಿಯುತ್ತಿದ್ದಾಳೆ. ಹಿಡಿಯುವುದು ಎಂದರೆ, ಸತ್ತು ತೇಲುವುದನ್ನು, ಗಾಳ ನುಂಗಿ ಸುಸ್ತಾದದ್ದನ್ನು ಎತ್ತಿಕೊಳ್ಳುವುದು. ಕಲಿಯುವವರು ಸುಲಭದ್ದನ್ನೇ ಹುಡುಕುತ್ತಾರೆ. ಅವಳು ಸುತ್ತು ಹಾಕುತ್ತಿದ್ದದ್ದು ಟ್ರೆಗಿಯರ್‌ನ ದೋಣಿಯ ಹಿಂದೆ. ಅವನು ಬೆಳಗಿನಿಂದ ಮೂರು ದಾರ ಕಡಿದುಕೊಂಡಿದ್ದ. ಕೈಯಾಡಿಸಿ ನನಗೆ ಕೂಗಿ ಹೇಳಿದ, ಮೂರೂ ನಿನ್ನವೇ ಎಂದು.

ಶನಿವಾರವಾದ್ದರಿಂದ ಸಾಯಂಕಾಲ ಎಂದಿನಂತೆ ಅವನು ಆವಿಸ್ನಾನಕ್ಕೆ ನಮ್ಮ ಸೌನಾಗೆ ಬಂದ. ದೋಣಿಯನ್ನು ನಮ್ಮ ಹಲಗೆಯ ದೋಣಿಕಟ್ಟೆಗೇ ಕಟ್ಟಿದ್ದ. ಒಲೆಗೆ ಸೌದೆ ತರುತ್ತೇನೆ ಎಂದು ಅವನನ್ನು ಆವಿಯಲ್ಲಿ ಬಿಟ್ಟು ಹೊರಗೆ ಬಂದೆ. ಟವೆಲ್ ಸುತ್ತಿಕೊಂಡು ದೋಣಿಗೆ ಇಳಿದು, ಅವನ ಗಾಳದ ಪೆಟ್ಟಿಗೆ ತೆರೆದು ಒಂದೊಂದೇ ಆರಿಸಿ ತೆಗೆಯಲು ಕೂತೆ. ಕೆಲವು ನಾನು ಬಹಳ ಹಿಂದೆ ಹೊಯ್ದವು, ಬಣ್ಣವೆಲ್ಲ ಹೋಗಿತ್ತು. ಒಳ್ಳೆಯ ಕೆಲಸ. ನನಗೇ ಹೊಟ್ಟೆಯುರಿಯಿತು.

ಕಟ್ಟೆಯ ಹಲಗೆ ಕಿರುಗುಟ್ಟಿತು. ಮೈಯಿಂದ ಆವಿಯೇಳುತ್ತಿದ್ದ ಟ್ರೆಗಿಯರ್ ನೀರಿಗೆ ಹಾರಲೆಂದು ಬಂದವನು ನಿಂತುಬಿಟ್ಟಿದ್ದ.

"ಏನ್ ಮಾಡ್ತಿದೀಯೋ ಓನ್ನಿ?"

"ಕದೀತಿದೀನಿ."

ಅವನು ನಕ್ಕ. ನಗುತ್ತಲೇ ಹತ್ತಿರ ಬಂದ. ನಾನು ಮುಖ ಗಟ್ಟಿ ಹಿಡಿದುಕೊಂಡಿರಲು ನೋಡಿದೆ, ಆಗಲಿಲ್ಲ. ಕಣ್ಣಿನಿಂದ ನೀರು ಇಳಿದುಬಿಟ್ಟಿತು. ಅವನ ನಗು ಅರ್ಧಕ್ಕೇ ನಿಂತಿತು.

"ಅವತ್ತು ದಡದಲ್ಲಿ ಹೇಳಿದ್ಯಲ್ಲ..."

"ಹೂಂ."

"ನಿಜಾನಾ?"

"ನಿಜ ಅಂತ ಅವತ್ತೇ ಹೇಳ್ಲಿಲ್ವೇನೋ!"

ಅವನು ಬರಿಮೈಯಲ್ಲೇ ದೋಣಿಗೆ ಇಳಿದು ನನ್ನ ಎದುರು ಕೂತು, ಪೆಟ್ಟಿಗೆಯ ಕೆಳಗಿನ ಖಾನೆ ಎಳೆದ. ಅದೊಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅದರ ತುಂಬ ಗುಂಡು. ಇಬ್ಬರೂ ಸೇರಿ ಖಾಲಿ ಮಾಡಿದೆವು. ಮುಗಿದ ಮೇಲೆ ಸೀಟಿನ ಮೇಲಿದ್ದ ತನ್ನ ಟೋಪಿ ಎತ್ತಿಕೊಂಡು ತಿರುಗಿಸಿದ.

"ಇದರಲ್ಲೊಂದಿದೆ. ನನ್ನ ಜೀವನದ ದೊಡ್ಡ ಮೀನು ಇದರಲ್ಲೇ ಹಿಡ್ದಿದ್ದು ಕಣೋ" ಎಂದ.

ಗಾಳ ಬಟ್ಟೆಯಲ್ಲಿ ಆಳವಾಗಿ ಕಚ್ಚಿಕೊಂಡಿತ್ತು. ಅವನು ಬಿಡಿಸಲು ನೋಡಿದ, ನಾನೂ ನೋಡಿದೆ. ಕೊನೆಗೆ ಟೋಪಿಯನ್ನೇ ಕೊಟ್ಟುಬಿಟ್ಟ.